ಸೂರ್ಯನ ಬೆಂಕಿಗೆ ಅಯಸ್ಕಾಂತದ ಬೇಲಿ

ಇಪ್ಪತ್ತೆರಡು ನಿಮಿಷ, ಹದಿನೇಳು ಸೆಕೆಂಡು. ಶಾಲೆಯ ಒಂದು ಪೀರಿಯಡಿನ ಅರ್ಧದಷ್ಟು ಹೊತ್ತು. 2025ರ ಫೆಬ್ರವರಿ 12ರಂದು ದಕ್ಷಿಣ ಫ್ರಾನ್ಸಿನ ಕಡರಾಶ್ ಎಂಬಲ್ಲಿ 'ವೆಸ್ಟ್' ಎಂಬ ಯಂತ್ರದೊಳಗೆ, ಸುಮಾರು 5 ಕೋಟಿ ಡಿಗ್ರಿಗೆ ಕಾದ ಜಲಜನಕವನ್ನು ಅಷ್ಟು ಹೊತ್ತು ಆರದಂತೆಯೂ ಗೋಡೆಗೆ ತಾಗದಂತೆಯೂ ಹಿಡಿದಿಡಲಾಯಿತು. ಅದಕ್ಕೆ ಮೂರು ವಾರ ಮೊದಲು ಚೀನಾ ದೇಶದ 'ಈಸ್ಟ್' ಎಂಬ ಯಂತ್ರವು 1066 ಸೆಕೆಂಡುಗಳ ಕಾಲ ಇದೇ ಬಗೆಯ ಸಾಹಸವನ್ನು ಮಾಡಿ ತೋರಿಸಿತ್ತು.

ಇಂತಹ ಸುದ್ದಿಗಳು ಪತ್ರಿಕೆಗಳ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದು ಹೋಗುವುದುಂಟು. ದೊಡ್ಡವರು ಓದಿ ಪುಟ ತಿರುವುತ್ತಾರೆ. ಮಕ್ಕಳು ಹಾಗಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳುವ ನಮ್ಮನ್ನು ಅವರು ಕೇಳುವ ಪ್ರಶ್ನೆ ನೇರವಾದುದು: "ಕಬ್ಬಿಣ ಕರಗಲು ಒಂದೂವರೆ ಸಾವಿರ ಡಿಗ್ರಿ ಸಾಕು. ಹಾಗಿರುವಾಗ ಕೋಟಿ ಡಿಗ್ರಿಯ ವಸ್ತುವನ್ನು ಯಾವ ಪಾತ್ರೆಯಲ್ಲಿ ಇಡುತ್ತಾರೆ?" ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಲೋಕದ ವಿಜ್ಞಾನಿಗಳು ಎಪ್ಪತ್ತಕ್ಕೂ ಹೆಚ್ಚು ವರ್ಷಗಳನ್ನು ಕಳೆದಿದ್ದಾರೆ. ಆ ಉತ್ತರದ ಕಥೆಯನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಒಡೆಯುವುದು ಒಂದು, ಕೂಡಿಸುವುದು ಇನ್ನೊಂದು

ಪರಮಾಣು ಶಕ್ತಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಉತ್ತರ ಕನ್ನಡದ ಕೈಗಾ. ಅಲ್ಲಿ ನಡೆಯುವುದು ವಿದಳನ. ಯುರೇನಿಯಂನ ಭಾರವಾದ ಬೀಜ ಒಡೆದು ಎರಡಾಗುವಾಗ ಶಕ್ತಿ ಹೊರಬೀಳುತ್ತದೆ. ಸೂರ್ಯನಲ್ಲಿ ನಡೆಯುವುದು ಇದರ ವಿರುದ್ಧದ ಕ್ರಿಯೆ. ಜಲಜನಕದ ಹಗುರವಾದ ಬೀಜಗಳು ಒಂದರೊಡನೊಂದು ಕೂಡಿ ಹೀಲಿಯಂ ಆಗುತ್ತವೆ. ಹೀಗೆ ಕೂಡುವಾಗ ತೂಕದಲ್ಲಿ ಅತ್ಯಲ್ಪ ಪಾಲು ಕಡಮೆಯಾಗುತ್ತದೆ. ಕಡಮೆಯಾದ ತೂಕವೇ ಶಕ್ತಿಯಾಗಿ ಹೊಮ್ಮುತ್ತದೆ. ಇದಕ್ಕೆ ಬೀಜ ಸಂಲಯನ ಅಥವಾ ಬೀಜ ಸಮ್ಮಿಲನ ಎಂದು ಹೆಸರು. ನಮ್ಮ ಗದ್ದೆಯ ಪೈರು, ತೋಟದ ಅಡಿಕೆ, ಒಲೆಯ ಸೌದೆ, ಎಲ್ಲವೂ ಕೊನೆಗೆ ಈ ಸಮ್ಮಿಲನದ ಫಲವೇ.

ಆದರೆ ಬೀಜಗಳು ಸುಲಭವಾಗಿ ಕೂಡುವುದಿಲ್ಲ. ಎರಡೂ ಧನ ವಿದ್ಯುದಂಶವುಳ್ಳವುಗಳಾದುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ತಳ್ಳುವ ಬಲವನ್ನು ಮೀರಿ ಅವು ಢಿಕ್ಕಿ ಹೊಡೆಯಬೇಕಾದರೆ ಅತ್ಯಂತ ವೇಗ ಬೇಕು, ವೇಗವೆಂದರೆ ಉಷ್ಣತೆ. ಸೂರ್ಯನ ನಡುವಿನಲ್ಲಿ ಉಷ್ಣತೆ ಸುಮಾರು 1.5 ಕೋಟಿ ಡಿಗ್ರಿ. ಭೂಮಿಯ ಮೇಲೆ ಅಷ್ಟು ಸಾಲದು. 10ರಿಂದ 15 ಕೋಟಿ ಡಿಗ್ರಿ ಬೇಕು. ಸೂರ್ಯನಿಗಿಂತ ಹತ್ತು ಪಟ್ಟು ಏಕೆ? ಸೂರ್ಯನ ಕೆಲಸ ಬಹಳ ನಿಧಾನ. ಅವನ ಹೃದಯಭಾಗದ ಒಂದು ಘನ ಮೀಟರಿನಲ್ಲಿ ಹುಟ್ಟುವ ಶಾಖ ಕೆಲವು ನೂರು ವಾಟ್ ಮಾತ್ರ. ನಮ್ಮ ಗೊಬ್ಬರದ ಗುಂಡಿಯಲ್ಲಿ ಹುಟ್ಟುವ ಶಾಖಕ್ಕೆ ಅದನ್ನು ಹೋಲಿಸುವವರಿದ್ದಾರೆ. ಗಾತ್ರ ಅಪಾರವಾದುದರಿಂದ ಅವನಿಗೆ ಅಷ್ಟೇ ಸಾಕಾಗುತ್ತದೆ. ಒಂದು ಕಟ್ಟಡದೊಳಗೆ ವಿದ್ಯುತ್ತು ಹುಟ್ಟಿಸಬೇಕೆಂದಿರುವ ಮನುಷ್ಯನಿಗೆ ಸಾಕಾಗುವುದಿಲ್ಲ.

ಅದಕ್ಕಾಗಿಯೇ ವಿಜ್ಞಾನಿಗಳು ಸಾಮಾನ್ಯ ಜಲಜನಕವನ್ನು ಬಿಟ್ಟು ಅದರ ಇಬ್ಬರು ದಾಯಾದಿಗಳನ್ನು ಆರಿಸಿಕೊಂಡರು: ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಇವೆರಡರ ಸಮ್ಮಿಲನ ಉಳಿದವುಗಳಿಗಿಂತ ಸುಲಭ. ಡ್ಯೂಟೀರಿಯಂ ಸಮುದ್ರದ ನೀರಿನಲ್ಲೇ ಇದೆ. ನಮ್ಮ ಕಡಲ ತೀರದಿಂದ ಒಂದು ಘನ ಮೀಟರ್ ನೀರು ತೆಗೆದರೆ ಅದರಲ್ಲಿ ಸುಮಾರು 33 ಗ್ರಾಂ ಡ್ಯೂಟೀರಿಯಂ ಸಿಗುತ್ತದೆ. ಟ್ರಿಟಿಯಂ ಹಾಗಲ್ಲ. ಸ್ವಭಾವತಃ ಅದು ಬಹಳ ವಿರಳ. ಅಲ್ಲದೆ ಹನ್ನೆರಡು ವರ್ಷಕ್ಕೆ ಅರ್ಧದಂತೆ ತಾನಾಗಿ ಸವೆದುಹೋಗುತ್ತದೆ. ಈಗ ದೊರೆಯುವುದು ಹೆಚ್ಚಾಗಿ ಭಾರಜಲ ಬಳಸುವ ಪರಮಾಣು ಸ್ಥಾವರಗಳಿಂದ. ಕೈಗಾದ್ದೂ ಭಾರಜಲದ ಸ್ಥಾವರವೇ.

ಪಾತ್ರೆಯಿಲ್ಲದ ಅಡಿಗೆ

ಇಷ್ಟು ಉಷ್ಣತೆಯಲ್ಲಿ ಯಾವ ಅನಿಲವೂ ಅನಿಲವಾಗಿ ಉಳಿಯುವುದಿಲ್ಲ. ಪರಮಾಣುವಿನ ಇಲೆಕ್ಟ್ರಾನುಗಳು ಕಳಚಿಹೋಗಿ, ಬೀಜಗಳೂ ಇಲೆಕ್ಟ್ರಾನುಗಳೂ ಬೇರೆಬೇರೆಯಾಗಿ ಓಡಾಡುವ ಒಂದು ಸ್ಥಿತಿ ಬರುತ್ತದೆ. ಘನ, ದ್ರವ, ಅನಿಲಗಳ ಆಚೆಗಿನ ಈ ನಾಲ್ಕನೆಯ ಸ್ಥಿತಿಗೆ 1928ರಲ್ಲಿ ಅಮೇರಿಕದ ಇರ್ವಿಂಗ್ ಲಾಂಗ್ಮೂರ್ ಎಂಬವರು 'ಪ್ಲಾಸ್ಮಾ' ಎಂದು ಹೆಸರಿಟ್ಟರು. ಅದಕ್ಕೂ ಮೊದಲು, 1920ರಲ್ಲಿ, ಎಷ್ಟು ಶಾಖಕ್ಕೆ ಎಷ್ಟು ಪರಮಾಣುಗಳು ಹೀಗೆ ಒಡೆಯುತ್ತವೆ ಎಂಬ ಸೂತ್ರವನ್ನು ಲೋಕಕ್ಕೆ ಕೊಟ್ಟವರು ನಮ್ಮ ದೇಶದ ಮೇಘನಾದ ಸಾಹಾ. ಮಿಂಚಿನಲ್ಲಿ ಕಾಣುವುದೂ, ಟ್ಯೂಬ್‌ಲೈಟಿನೊಳಗೆ ಇರುವುದೂ ಪ್ಲಾಸ್ಮಾವೇ.

ಪ್ಲಾಸ್ಮಾದ ಕಣಗಳಿಗೆ ವಿದ್ಯುದಂಶವಿದೆ. ನಮ್ಮ ಮಕ್ಕಳ ಪ್ರಶ್ನೆಗೆ ಉತ್ತರ ಅಡಗಿರುವುದು ಇಲ್ಲಿಯೇ. ವಿದ್ಯುದಂಶವುಳ್ಳ ಕಣವೊಂದು ಅಯಸ್ಕಾಂತ ಕ್ಷೇತ್ರದಲ್ಲಿ ಓಡುವಾಗ ಅದನ್ನು ಅಯಸ್ಕಾಂತವು ಮುಂದಕ್ಕೂ ತಳ್ಳುವುದಿಲ್ಲ, ಹಿಂದಕ್ಕೂ ಎಳೆಯುವುದಿಲ್ಲ. ಸದಾ ಬದಿಗೆ ತಿರುಗಿಸುತ್ತದೆ. ಸದಾ ಬದಿಗೆ ತಿರುಗುವುದೆಂದರೆ ಸುತ್ತು ಹಾಕುವುದು. ಗೂಟಕ್ಕೆ ಕಟ್ಟಿದ ಕರುವಿನಂತೆ ಕಣವು ಕ್ಷೇತ್ರದ ರೇಖೆಯ ಸುತ್ತ ತಿರುಗುತ್ತದೆ. ಅದರ ವೇಗ ಸೆಕೆಂಡಿಗೆ ಸಾವಿರ ಕಿಲೋಮೀಟರಿನ ಆಸುಪಾಸು. ಮಂಜೇಶ್ವರದಿಂದ ತಿರುವನಂತಪುರಕ್ಕೆ ಮುಟ್ಟಲು ಒಂದು ಸೆಕೆಂಡು ಬೇಡ. ಅಂತಹ ಕಣವನ್ನು ಬಲವಾದ ಅಯಸ್ಕಾಂತವು ಕೆಲವೇ ಮಿಲಿಮೀಟರಿನ ಸುತ್ತಿನೊಳಗೆ ಕಟ್ಟಿಹಾಕುತ್ತದೆ. ದಾರಕ್ಕೆ ಪೋಣಿಸಿದ ಮಣಿಯಂತೆ, ದಾರದ ಉದ್ದಕ್ಕೆ ಜಾರಬಹುದು. ದಾರ ಬಿಟ್ಟು ಬದಿಗೆ ಹೋಗುವಂತಿಲ್ಲ.

ಹಾಗಾದರೆ ಪಾತ್ರೆ ಯಾವುದು? ಅಯಸ್ಕಾಂತದ ಕ್ಷೇತ್ರವೇ ಪಾತ್ರೆ. ಲೋಹದ ಕೋಣೆ ಹೊರಗೆ ಇದ್ದೇ ಇದೆ. ಅದು ಗಾಳಿ ಒಳಗೆ ಬಾರದಂತೆ ತಡೆಯಲು. ಇಲ್ಲಿ ಇನ್ನೊಂದು ವಿಶೇಷವನ್ನೂ ಹೇಳಬೇಕು. ಈ ಪ್ಲಾಸ್ಮಾ ನಾವು ಉಸಿರಾಡುವ ಗಾಳಿಗಿಂತ ಲಕ್ಷ ಪಾಲಿಗೂ ಮಿಕ್ಕಿ ವಿರಳ. ದೊಡ್ಡ ಯಂತ್ರದೊಳಗೂ ಒಂದು ಹೊತ್ತಿಗೆ ಇರುವ ಇಂಧನ ಒಂದು ಗ್ರಾಂಗಿಂತ ಕಡಮೆ. ಆದುದರಿಂದ ಅದು ಗೋಡೆಗೆ ತಾಗಿದರೆ ಗೋಡೆಗೆ ಒಂದಿಷ್ಟು ಪೆಟ್ಟು ಬೀಳಬಹುದಾದರೂ, ಪ್ಲಾಸ್ಮಾ ಮಾತ್ರ ಆ ಕ್ಷಣವೇ ತಣಿದು ಸತ್ತುಹೋಗುತ್ತದೆ. ಕೈಮೀರಿ ಉರಿಯುವ ಭಯ ಇಲ್ಲಿಲ್ಲ. ಆರಿಹೋಗುವ ಭಯವೇ ದೊಡ್ಡದು.

ಕೋಡುಬಳೆಯೂ ಹಗ್ಗದ ಹುರಿಯೂ

ಮಣಿ ದಾರದ ಉದ್ದಕ್ಕೆ ಜಾರಬಹುದು ಎಂದೆವಷ್ಟೆ. ನೇರವಾದ ಕೊಳವೆಯಲ್ಲಿ ಅದು ಎರಡು ತುದಿಗಳಿಂದಲೂ ಸೋರಿಹೋಗುತ್ತದೆ. ತುದಿಯೇ ಇಲ್ಲದಂತೆ ಮಾಡಬೇಕಾದರೆ ಕೊಳವೆಯನ್ನು ಬಗ್ಗಿಸಿ ಎರಡೂ ಬಾಯಿಗಳನ್ನು ಕೂಡಿಸಬೇಕು. ಹೀಗೆ ಬಂದುದು ಕೋಡುಬಳೆಯ ಆಕಾರ.

ಆದರೆ ಕೋಡುಬಳೆಯಲ್ಲಿ ಇನ್ನೊಂದು ತೊಡಕು ಎದ್ದಿತು. ಬಳೆಯ ಒಳಬದಿಯಲ್ಲಿ ಅಯಸ್ಕಾಂತದ ಸುರುಳಿಗಳು ಒತ್ತೊತ್ತಾಗಿರುವುದರಿಂದ ಕ್ಷೇತ್ರ ಬಲವಾಗಿರುತ್ತದೆ, ಹೊರಬದಿಯಲ್ಲಿ ದುರ್ಬಲವಾಗಿರುತ್ತದೆ. ಈ ತಾರತಮ್ಯದಿಂದ ಧನ ಕಣಗಳು ಮೇಲಕ್ಕೂ ಋಣ ಕಣಗಳು ಕೆಳಕ್ಕೂ ನಿಧಾನವಾಗಿ ಸರಿದು ಬೇರೆಯಾಗುತ್ತವೆ. ಬೇರೆಯಾದೊಡನೆ ಅವುಗಳ ನಡುವೆ ವಿದ್ಯುತ್ ಕ್ಷೇತ್ರ ಹುಟ್ಟಿ ಇಡೀ ಪ್ಲಾಸ್ಮಾವನ್ನು ಹೊರಗೋಡೆಗೆ ಎಸೆಯುತ್ತದೆ.

ಇದಕ್ಕೆ ಪರಿಹಾರವೇನು? ತೆಂಗಿನ ನಾರನ್ನು ಹುರಿಮಾಡಿ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಕ್ಷೇತ್ರದ ರೇಖೆಗಳನ್ನು ಬಳೆಯ ಸುತ್ತ ನೇರವಾಗಿ ಎಳೆಯದೆ ಹಗ್ಗದ ಎಳೆಯಂತೆ ತಿರುಚಿದರೆ, ಒಂದೇ ರೇಖೆ ಕೆಲವು ಹೊತ್ತು ಮೇಲೂ ಕೆಲವು ಹೊತ್ತು ಕೆಳಗೂ ಹಾಯುತ್ತದೆ. ಮೇಲಕ್ಕೆ ಸರಿದ ಕಣ ಆ ರೇಖೆಯನ್ನೇ ಹಿಡಿದು ಕೆಳಕ್ಕೆ ಬರುತ್ತದೆ, ಸರಿದದ್ದು ಸರಿಹೋಗುತ್ತದೆ.

ಹುರಿ ಹಾಕುವ ವಿಧಾನ ಎರಡು. ಪ್ಲಾಸ್ಮಾದ ಮೂಲಕವೇ ದೊಡ್ಡ ವಿದ್ಯುತ್ ಪ್ರವಾಹವನ್ನು ಹರಿಸಿ ರೇಖೆಗಳನ್ನು ತಿರುಚುವುದು ಒಂದು. ಇದು ರಶ್ಯಾದ ವಿಧಾನ; ಯಂತ್ರದ ಹೆಸರು 'ಟೋಕಾಮಾಕ್'. ಹೊರಗಿನ ಸುರುಳಿಗಳನ್ನೇ ತಿರುಚಿ ಕಟ್ಟುವುದು ಇನ್ನೊಂದು. ಇದು 1951ರಲ್ಲಿ ಅಮೇರಿಕದ ಲೈಮನ್ ಸ್ಪಿಟ್ಜರ್ ಹೊಳೆಯಿಸಿಕೊಂಡದ್ದು, ಹೆಸರು 'ಸ್ಟೆಲರೇಟರ್'. ಟೋಕಾಮಾಕ್ ಕಟ್ಟುವುದು ಸುಲಭ. ಆದರೆ ರಸ್ತೆ ಬದಿಯ ಟ್ರಾನ್ಸ್‌ಫಾರ್ಮರಿನ ತತ್ತ್ವದಿಂದಲೇ ಅದರಲ್ಲಿ ಪ್ರವಾಹ ಹುಟ್ಟಿಸುವುದರಿಂದ, ಬೇರೆ ಸಹಾಯವಿಲ್ಲದೆ ಅದು ಎಡೆಬಿಡದೆ ನಡೆಯಲಾರದು. ಸ್ಟೆಲರೇಟರ್ ಎಡೆಬಿಡದೆ ನಡೆಯಬಲ್ಲದು; ಆದರೆ ಅದರ ಸುರುಳಿಗಳ ಆಕಾರ ಕಂಪ್ಯೂಟರ್ ಇಲ್ಲದೆ ಲೆಕ್ಕಕ್ಕೆ ಸಿಗದು. 2015ರ ಡಿಸೆಂಬರಿನಲ್ಲಿ ಜರ್ಮನಿಯ ಗ್ರೈಫ್ಸ್‌ವಾಲ್ಡಿನಲ್ಲಿ ಅಂತಹ ದೊಡ್ಡ ಯಂತ್ರವೊಂದು ಕೆಲಸ ಆರಂಭಿಸಿತು.

ಒಬ್ಬ ಸಿಪಾಯಿಯ ಕಾಗದ

ಈ ಕಥೆಯಲ್ಲಿ ದೊಡ್ಡ ದೊಡ್ಡ ಹೆಸರುಗಳಿವೆ. ಆದರೆ ನಮಗೆ ಅತ್ಯಂತ ಪ್ರಿಯವಾದುದು ಓಲೆಗ್ ಲವ್ರೆಂತ್ಯೆವ್ ಎಂಬ ಸಿಪಾಯಿಯ ಹೆಸರು. ಅವನು ಏಳನೆಯ ತರಗತಿಯಲ್ಲಿರುವಾಗ ಪರಮಾಣು ವಿಜ್ಞಾನದ ಒಂದು ಪುಸ್ತಕ ಓದಿದ. ಯುದ್ಧ ಬಂತು, ಸೈನ್ಯ ಸೇರಿದ. ರಶ್ಯಾದ ಪೂರ್ವದ ಅಂಚಿನ ಸಖಲಿನ್ ದ್ವೀಪದಲ್ಲಿ ಕೆಲಸ ಮಾಡುತ್ತಾ, ತನ್ನ ಸಂಬಳದಿಂದ ಭೌತವಿಜ್ಞಾನದ ಪತ್ರಿಕೆ ತರಿಸಿ ಓದುತ್ತಾ, ಸಂಜೆ ಶಾಲೆಯಲ್ಲಿ ಹೈಸ್ಕೂಲು ಮುಗಿಸಿದ. 1950ರಲ್ಲಿ ಮಾಸ್ಕೋಗೆ ಒಂದು ಕಾಗದ ಬರೆದ. ಕಾದ ಕಣಗಳನ್ನು ವಿದ್ಯುತ್ ಕ್ಷೇತ್ರದಿಂದ ಹಿಡಿದಿಟ್ಟು ಸಮ್ಮಿಲನ ಶಕ್ತಿಯನ್ನು ಪಡೆಯಬಹುದೆಂಬುದು ಅದರ ಒಂದು ವಿಚಾರ.

ಆ ಕಾಗದ ಪರಿಶೀಲನೆಗಾಗಿ ಆಂದ್ರೇ ಸಖಾರೋವ್ ಎಂಬ ವಿಜ್ಞಾನಿಯ ಕೈಗೆ ಹೋಯಿತು. ಸಿಪಾಯಿ ಹೇಳಿದ ವಿದ್ಯುತ್ ಜಾಲರಿ ಬಿಸಿ ಪ್ಲಾಸ್ಮಾದೆದುರು ನಿಲ್ಲಲಾರದೆಂದು ಸಖಾರೋವರಿಗೆ ತೋರಿತು. ಹಾಗಾದರೆ ಮುಟ್ಟದೆ ಹಿಡಿಯುವುದು ಹೇಗೆ? ಈ ಯೋಚನೆಯಿಂದಲೇ ಅಯಸ್ಕಾಂತದ ಬೇಲಿಯ ಕಲ್ಪನೆ ಅವರಿಗೆ ಹೊಳೆಯಿತು. ಈಗೊರ್ ತಾಮ್ ಅವರೊಡನೆ ಕೂಡಿ ಅವರು ಮಾಡಿದ ಲೆಕ್ಕವೇ ಟೋಕಾಮಾಕಿನ ಮೂಲ. ಸಿಪಾಯಿಯ ಕಾಗದದ ಪಾಲನ್ನು ಸಖಾರೋವರು ಒಪ್ಪಿಕೊಂಡಿದ್ದಾರೆ. ಆದರೂ ಎಲ್ಲವೂ ಸರಕಾರದ ರಹಸ್ಯವಾಗಿದ್ದುದರಿಂದ, ಆ ಕಾಗದಪತ್ರಗಳು ಪ್ರಕಟವಾದುದು 2001ರಲ್ಲಿ. ಅರ್ಧ ಶತಮಾನದ ಅನಂತರ.

ಆಸೆ, ನಿರಾಸೆ, ನಂಬಿಕೆ

1955ರಲ್ಲಿ ಜಿನೀವಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಹೋಮಿ ಭಾಭಾ ಅವರು, ಇನ್ನು ಎರಡು ದಶಕಗಳೊಳಗೆ ಸಮ್ಮಿಲನ ಶಕ್ತಿಯನ್ನು ಹದ್ದುಬಸ್ತಿನಲ್ಲಿಟ್ಟು ಪಡೆಯುವ ದಾರಿ ಸಿಕ್ಕೀತೆಂದು ಭವಿಷ್ಯ ನುಡಿದರು. 1958ರ ಜನವರಿಯಲ್ಲಿ ಬ್ರಿಟನ್ನಿನ ಹಾರ್ವೆಲ್ಲಿನಲ್ಲಿ 'ಜೀಟಾ' ಎಂಬ ಯಂತ್ರ ಸಮ್ಮಿಲನ ಸಾಧಿಸಿತೆಂಬ ಘೋಷಣೆ ಹೊರಟಿತು. ಲೋಕವೆಲ್ಲ ಹರ್ಷಪಟ್ಟಿತು. ಕೆಲವೇ ತಿಂಗಳುಗಳಲ್ಲಿ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಂಡ ನ್ಯೂಟ್ರಾನುಗಳು ನಿಜವಾದ ಶಾಖದಿಂದ ಬಂದವುಗಳಾಗಿರಲಿಲ್ಲ. ಪ್ಲಾಸ್ಮಾದ ಅಸ್ಥಿರತೆಯಿಂದ ಅಡ್ಡಾದಿಡ್ಡಿ ವೇಗ ಪಡೆದ ಕೆಲವು ಕಣಗಳ ಕೆಲಸವಾಗಿತ್ತು.

ನಮ್ಮ ಕಡೆ ತೋಡಿಗೆ ಕಟ್ಟ ಕಟ್ಟಿದವರಿಗೆ ಈ ಅಸ್ಥಿರತೆಯ ಸ್ವಭಾವ ಅರ್ಥವಾದೀತು. ಒಂದು ಕಡೆ ಮಣ್ಣು ಮೆತ್ತಿದರೆ ನೀರು ಇನ್ನೊಂದು ಕಡೆ ಸಂದು ಹುಡುಕುತ್ತದೆ. ಪ್ಲಾಸ್ಮಾವೂ ಹಾಗೆಯೇ. ಬಾಗುತ್ತದೆ, ಸೊಟ್ಟಗಾಗುತ್ತದೆ, ಸುಳಿಯೆದ್ದು ಸೋರುತ್ತದೆ. ಒಂದೊಂದು ಸಂದನ್ನು ಪತ್ತೆಹಚ್ಚಿ ಮುಚ್ಚುವುದಕ್ಕೆ ವರ್ಷಗಟ್ಟಲೆ ಹಿಡಿಯಿತು.

ಜೀಟಾದ ಪ್ರಕರಣದಿಂದ ಕೈ ಸುಟ್ಟುಕೊಂಡವರು, 1968ರಲ್ಲಿ ರಶ್ಯಾದ ಲೆವ್ ಆರ್ತ್ಸಿಮೋವಿಚ್ ತಮ್ಮ 'ಟಿ-3' ಟೋಕಾಮಾಕಿನಲ್ಲಿ ಸುಮಾರು ಒಂದು ಕೋಟಿ ಡಿಗ್ರಿ ಸಾಧಿಸಿದೆವೆಂದಾಗ ನಂಬಲಿಲ್ಲ. ಆಗ ನಡೆದುದು ಅಪೂರ್ವವಾದ ಸಂಗತಿ. ಶೀತಲ ಸಮರ ತಾರಕಕ್ಕೇರಿದ್ದ ಆ ಕಾಲದಲ್ಲಿ ರಶ್ಯನರು ಬ್ರಿಟಿಷ್ ವಿಜ್ಞಾನಿಗಳನ್ನೇ ಕರೆದು, ನೀವೇ ಬಂದು ಅಳೆದು ನೋಡಿ ಎಂದರು. 1969ರಲ್ಲಿ ಕಲ್ಲಮ್ ಪ್ರಯೋಗಾಲಯದ ತಂಡವೊಂದು ಟನ್ನುಗಟ್ಟಲೆ ಉಪಕರಣಗಳೊಂದಿಗೆ ಮಾಸ್ಕೋಗೆ ಹೋಗಿ, ಲೇಸರ್ ಕಿರಣ ಹಾಯಿಸಿ ಅಳೆಯಿತು. ರಶ್ಯನರ ಲೆಕ್ಕ ಸರಿಯಾಗಿತ್ತು. ಅಲ್ಲಿಂದೀಚೆಗೆ ಅಮೇರಿಕ, ಯುರೋಪು, ಜಪಾನುಗಳೆಲ್ಲ ಟೋಕಾಮಾಕಿನತ್ತ ತಿರುಗಿದವು. ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡದ್ದೂ, ತನ್ನ ಗೆಲವನ್ನು ಎದುರಾಳಿಯ ಕೈಯಿಂದ ಅಳೆಯಿಸಿಕೊಂಡದ್ದೂ ಸಮಾನವಾಗಿ ವಿಜ್ಞಾನದ ಗೌರವವನ್ನು ಹೆಚ್ಚಿಸಿದುವೆಂದು ನಾವು ತಿಳಿಯುತ್ತೇವೆ.

ಊದುಕೊಳವೆಯ ಲೆಕ್ಕ

ಒದ್ದೆ ಸೌದೆಯ ಒಲೆಯನ್ನು ಊದುಕೊಳವೆಯಿಂದ ಊದುತ್ತಿರುವಷ್ಟು ಹೊತ್ತು ಕಿಡಿ ಇರುತ್ತದೆ, ಬಿಟ್ಟರೆ ಆರುತ್ತದೆ. ಸೌದೆ ಸರಿಯಾಗಿ ಹೊತ್ತಿಕೊಂಡ ಮೇಲೆ ಊದಬೇಕಾಗಿಲ್ಲ. ಹೊತ್ತಿಕೊಳ್ಳಲು ಬೇಕಾದವು ಮೂರು: ಸಾಕಷ್ಟು ಶಾಖ, ಸಾಕಷ್ಟು ಒತ್ತಾಗಿರುವ ಇಂಧನ, ಮತ್ತು ಶಾಖ ಸೋರಿಹೋಗದಂತೆ ಸಾಕಷ್ಟು ಹೊತ್ತಿನ ತಡೆ. ಇದನ್ನು ಬ್ರಿಟನ್ನಿನ ಜಾನ್ ಲಾಸನ್ 1955ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು.

ಈವರೆಗಿನ ಫಲವೇನು? ಬ್ರಿಟನ್ನಿನ 'ಜೆಟ್' ಎಂಬ ಟೋಕಾಮಾಕ್ 1997ರಲ್ಲಿ ಪ್ಲಾಸ್ಮಾವನ್ನು ಕಾಯಿಸಲು 24 ಮೆಗಾವಾಟ್ ಕೊಟ್ಟು 16 ಮೆಗಾವಾಟ್ ಪಡೆಯಿತು. ಊದಿದ ಶಕ್ತಿಯ ಮೂರನೆಯ ಎರಡು ಪಾಲು ಹಿಂದೆ ಬಂತು. ಅದೇ ಯಂತ್ರ 2023ರ ಅಕ್ಟೋಬರಿನಲ್ಲಿ 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಶಕ್ತಿ ಹೊರತೆಗೆಯಿತು. ಮನೆಯ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಸುಮಾರು 19 ಯೂನಿಟ್. ಅಷ್ಟು ಶಾಖಕ್ಕೆ ಎರಡು ಕಿಲೋಗ್ರಾಂ ಮಿಕ್ಕಿ ಕಲ್ಲಿದ್ದಲು ಉರಿಸಬೇಕು. ಇದು ನಲವತ್ತು ವರ್ಷ ದುಡಿದ ಆ ಯಂತ್ರದ ಕೊನೆಯ ದಾಖಲೆ. 2023ರ ಡಿಸೆಂಬರಿನಲ್ಲಿ ಅದರ ಕೆಲಸ ನಿಂತಿತು. 2022ರ ಡಿಸೆಂಬರಿನಲ್ಲಿ ಅಮೇರಿಕದ ಪ್ರಯೋಗಾಲಯವೊಂದು ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿ ಪಡೆಯಿತೆಂಬ ಸುದ್ದಿ ಬಂದುದನ್ನು ಕೆಲವರು ನೆನಪಿಟ್ಟಿರಬಹುದು. ಅದು ಲೇಸರಿನ ದಾರಿ, ಅಯಸ್ಕಾಂತದ್ದಲ್ಲ.

ಅಯಸ್ಕಾಂತದ ದಾರಿಯ ಅತಿ ದೊಡ್ಡ ಪ್ರಯತ್ನ ದಕ್ಷಿಣ ಫ್ರಾನ್ಸಿನಲ್ಲಿ ಎದ್ದು ನಿಲ್ಲುತ್ತಿರುವ 'ಈಟರ್'. 1985ರಲ್ಲಿ ರೇಗನ್ ಮತ್ತು ಗೊರ್ಬಚೋವ್ ಜಿನೀವಾದಲ್ಲಿ ಸೇರಿದಾಗ ಇದರ ಬೀಜ ಬಿತ್ತು, 2006ರಲ್ಲಿ ಒಪ್ಪಂದವಾಯಿತು. ಯುರೋಪಿಯನ್ ಒಕ್ಕೂಟ, ಅಮೇರಿಕ, ರಶ್ಯಾ, ಚೀನಾ, ಜಪಾನ್, ದಕ್ಷಿಣ ಕೊರಿಯಾ ಮತ್ತು ಭಾರತ ಇದರ ಪಾಲುದಾರರು. 50 ಮೆಗಾವಾಟ್ ಊದಿ 500 ಮೆಗಾವಾಟ್ ಪಡೆಯುವುದು ಗುರಿ. ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ಈ 50 ಎಂಬುದು ಪ್ಲಾಸ್ಮಾಕ್ಕೆ ಮುಟ್ಟುವ ಶಾಖ ಮಾತ್ರ. ಇಡೀ ಕಾರ್ಖಾನೆ ನಡೆಸಲು ಬೇಕಾದ ವಿದ್ಯುತ್ತು ಇದಕ್ಕಿಂತ ಬಹಳ ಹೆಚ್ಚು. ಈಟರ್ ಊರಿಗೆ ಕರೆಂಟು ಕೊಡುವ ಸ್ಥಾವರವಲ್ಲ. ಕೊಡಬಹುದೇ ಎಂದು ಪರೀಕ್ಷಿಸುವ ಪ್ರಯೋಗ.

ಆದಿತ್ಯನ ನಾಡು

ಭಾರತವು ಇದರಲ್ಲಿ ಬರೇ ನೋಡುಗನಾಗಿ ಕುಳಿತಿಲ್ಲ. ಗುಜರಾತಿನ ಗಾಂಧಿನಗರದ ಬಳಿ ಪ್ಲಾಸ್ಮಾ ಸಂಶೋಧನ ಸಂಸ್ಥೆ 1986ರಲ್ಲಿ ರೂಪುಗೊಂಡಿತು. ಪ್ರಿಧಿಮಾನ್ ಕೃಷ್ಣ ಕೌ ಅವರು ಅದನ್ನು ಕಟ್ಟಿ ಬೆಳೆಸಿದರು. ನಮ್ಮಲ್ಲೇ ಕಟ್ಟಿದ ಮೊದಲ ಟೋಕಾಮಾಕ್ 1989ರಲ್ಲಿ ಅಲ್ಲಿ ಕೆಲಸ ಆರಂಭಿಸಿತು. ಅದರ ಹೆಸರು 'ಆದಿತ್ಯ'. ಇಷ್ಟು ಒಪ್ಪುವ ಹೆಸರು ಬೇರೆ ಯಾವ ದೇಶದ ಯಂತ್ರಕ್ಕೂ ಇದ್ದಂತಿಲ್ಲ. ಅತಿವಾಹಕ ಅಯಸ್ಕಾಂತಗಳುಳ್ಳ ಎರಡನೆಯ ಯಂತ್ರ 'ಎಸ್‌ಎಸ್‌ಟಿ-1' 2013ರಲ್ಲಿ ಮೊದಲ ಪ್ಲಾಸ್ಮಾ ಕಂಡಿತು.

ಈಟರಿನ ಅಯಸ್ಕಾಂತಗಳು ಕೆಲಸ ಮಾಡಬೇಕಾದರೆ ಅವು ಸೊನ್ನೆಗಿಂತ 269 ಡಿಗ್ರಿ ಕೆಳಗೆ ತಣ್ಣಗಿರಬೇಕು. ಕೆಲವೇ ಮೀಟರುಗಳ ಅಂತರದಲ್ಲಿ ಒಂದು ಕಡೆ 15 ಕೋಟಿ ಡಿಗ್ರಿ, ಇನ್ನೊಂದು ಕಡೆ ಈ ಕೊರೆವ ಚಳಿ! ಈ ಚಳಿ ಸೋರದಂತೆ ಇಡೀ ಯಂತ್ರವನ್ನು ಒಳಗಿಟ್ಟುಕೊಳ್ಳುವ ದೈತ್ಯ ಥರ್ಮಾಸ್ ಫ್ಲಾಸ್ಕು ಬೇಕು. ಸುಮಾರು 30 ಮೀಟರ್ ಎತ್ತರ, ಅಷ್ಟೇ ಅಗಲ, 3,850 ಟನ್ ತೂಕದ ಆ ಉಕ್ಕಿನ ಕವಚವನ್ನು ಮಾಡಿಕೊಟ್ಟುದು ಭಾರತ. ಗುಜರಾತಿನ ಹಜೀರಾದಲ್ಲಿ ಲಾರ್ಸನ್ ಎಂಡ್ ಟುಬ್ರೊ ಕಾರ್ಖಾನೆಯಲ್ಲಿ ಅದರ ತುಂಡುಗಳು ತಯಾರಾಗಿ, ಕೊನೆಯ ಕಂತು 2020ರಲ್ಲಿ ಹಡಗೇರಿತು.

ಉಳಿದಿರುವ ಗಂಟುಗಳು

ಇಷ್ಟೆಲ್ಲ ಆದರೂ ಗಂಟುಗಳು ಉಳಿದಿವೆ. ಸಮ್ಮಿಲನದಿಂದ ಹುಟ್ಟುವ ಶಕ್ತಿಯ ಐದರಲ್ಲಿ ನಾಲ್ಕು ಪಾಲನ್ನು ಹೊತ್ತೊಯ್ಯುವುದು ನ್ಯೂಟ್ರಾನ್. ಅದಕ್ಕೆ ವಿದ್ಯುದಂಶವಿಲ್ಲದುದರಿಂದ ಅಯಸ್ಕಾಂತದ ಬೇಲಿ ಅದನ್ನು ತಡೆಯದು. ಹೊರಗಿನ ಗೋಡೆಗೆ ಬಡಿದು ಶಾಖ ಕೊಡುವುದು ಅದೇ. ಆ ಶಾಖದಿಂದ ಆವಿ, ಆವಿಯಿಂದ ವಿದ್ಯುತ್ತು. ಆದರೆ ವರ್ಷಾನುಗಟ್ಟಲೆ ಆ ಪೆಟ್ಟು ತಿಂದರೆ ಗೋಡೆಯ ಉಕ್ಕು ಶಿಥಿಲವಾಗುತ್ತದೆ, ವಿಕಿರಣಶೀಲವೂ ಆಗುತ್ತದೆ. ಯುರೇನಿಯಂ ಸ್ಥಾವರದ ಉಳಿಕೆಯಂತೆ ಸಾವಿರಾರು ವರ್ಷ ಕಾಡುವಂಥದಲ್ಲವಾದರೂ, ಕೆಲವು ದಶಕಗಳ ಮಟ್ಟಿಗೆ ಎಚ್ಚರ ಬೇಕೇ ಬೇಕು. ಟ್ರಿಟಿಯಂ ಅನ್ನು ಯಂತ್ರವೇ ತನಗೆ ಬೇಕಾದಷ್ಟು ಹುಟ್ಟಿಸಿಕೊಳ್ಳಬೇಕು. ಗೋಡೆಯಲ್ಲಿ ಲಿಥಿಯಂ ಇಟ್ಟರೆ ನ್ಯೂಟ್ರಾನ್ ತಾಗಿ ಟ್ರಿಟಿಯಂ ಹುಟ್ಟುತ್ತದೆ. ತತ್ತ್ವದಲ್ಲಿ ಇದು ಸರಿ. ಇಡೀ ಸ್ಥಾವರದ ಮಟ್ಟದಲ್ಲಿ ಇನ್ನೂ ಮಾಡಿ ನೋಡಿದ್ದಿಲ್ಲ.

ಕಾಲವೂ ಕೈಕೊಟ್ಟಿದೆ. 2024ರಲ್ಲಿ ಹೊರಟ ಹೊಸ ಯೋಜನೆಯ ಪ್ರಕಾರ ಈಟರಿನಲ್ಲಿ ಸಂಶೋಧನೆ ಆರಂಭವಾಗುವುದು 2034ರಲ್ಲಿ. ಡ್ಯೂಟೀರಿಯಂ ಮತ್ತು ಟ್ರಿಟಿಯಂ ಕೂಡಿದ ನಿಜವಾದ ಉರಿ 2039ರಲ್ಲಿ. ಭಾಭಾ ಅವರು ಹೇಳಿದ ಎರಡು ದಶಕ ಮುಗಿದುದು 1975ರಲ್ಲಿ. ಹಾಗೆಂದು ಇದನ್ನು ಹುಸಿಯೆನ್ನಬಹುದೆ? ನಮಗೆ ಹಾಗೆ ಕಾಣುವುದಿಲ್ಲ. ಇಂದು ಎಂಟನೆಯ ತರಗತಿಯಲ್ಲಿ ಕುಳಿತಿರುವ ಮಗುವಿಗೆ 2039ರಲ್ಲಿ ಮೂವತ್ತರ ಒಳಗಿನ ಪ್ರಾಯ. ಉಳಿದಿರುವ ಗಂಟುಗಳನ್ನು ಬಿಚ್ಚಬೇಕಾದವರು ಆ ತಲೆಯವರು. ಕಲ್ಲಿದ್ದಲಿನ ಹೊಗೆಯಿಂದ ಕಾದ ಭೂಮಿಯಲ್ಲಿ ಬಾಳಬೇಕಾದವರೂ ಅವರೇ.

ಕನ್ನಡ ಮಾಧ್ಯಮದಲ್ಲಿ ಕಲಿತರೆ ಇಂತಹ ವಿದ್ಯೆ ನಮ್ಮ ಮಕ್ಕಳಿಗೆ ಎಟಕೀತೆ ಎಂದು ಹೆತ್ತವರು ಸಂದೇಹಪಡುವುದುಂಟು. ಅವರಿಗೆ ನಾವು ಹೇಳುವುದಿಷ್ಟೆ. 'ಟೋಕಾಮಾಕ್' ಎಂಬುದು ರಶ್ಯನ್ ಮಾತು; ಬಳೆಯಾಕಾರದ ಕೋಣೆ, ಅಯಸ್ಕಾಂತ ಸುರುಳಿ ಎಂಬ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ್ದು. ಇಂಗ್ಲಿಷರು ಅದನ್ನು ಹಾಗೆಯೇ ತೆಗೆದುಕೊಂಡರು, ಜಪಾನೀಯರು ತೆಗೆದುಕೊಂಡರು, ನಾವೂ ತೆಗೆದುಕೊಳ್ಳೋಣ. ಬಸ್ಸು, ರೈಲು ನಮ್ಮವಾದಂತೆ ಪ್ಲಾಸ್ಮಾವೂ ನಮ್ಮದಾದೀತು. ಮೊದಲು ಬೇಕಾದುದು ಪ್ರಶ್ನೆ. ಅದನ್ನು ಮಕ್ಕಳು ತಮ್ಮ ಮನೆಮಾತಿನಲ್ಲಿ ಕೇಳಿದರೆ ಸಾಕು. ಸಖಲಿನ್ ದ್ವೀಪದ ಸಿಪಾಯಿ ತನ್ನ ಮಾತಿನಲ್ಲಿಯೇ ಕಾಗದ ಬರೆದಿದ್ದ.